ರಿಬ್ಬನ್ ಕಟ್ಟಿದ ಹಣಿಗೆ

ಮೊನ್ನೆ ಚಿಕ್ಕೋಡಿಯಲ್ಲಿ ನಮ್ಮ ಓಣಿಗೆ ಡಾಂಬರು ಹಾಕಿದರು. ಮಂದಿಯೆಲ್ಲ ಮೂಗಿಗೆ ಸೆರಗು, ಕರ್ಚೀಪು ಹಿಡಿದು ಬೇಗ ಬೇಗ ದಾಟುತ್ತಿದ್ದರೆ ನಾನೊಬ್ಬಳು ಗೇಟು ಹಿಡಿದು ನಿಂತೇಬಿಟ್ಟೆ. ಆ ವಾಸನೆ ನನಗೆ ರಸ್ತೆಯದಲ್ಲ, ನಮ್ಮ ಕಮಲತ್ತಿಯ ತಲೆಯದು. ಕಮಲತ್ತಿ ಎಂದರೆ ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೆ, ತಲೆಯ ಬೇನೆಯ ನೆಪ ಮಾಡಿ ಗಂಡನ ಮನೆಯವರು ತಿರುಗಿ ಕಳಿಸಿದ್ದರು. ಆಗ ನಾವೆಲ್ಲ ದಿಗ್ಗೇವಾಡಿಯಲ್ಲಿದ್ದೆವು. ಮಣ್ಣಿನ ಗೋಡೆಯ, ತಗಡಿನ ಮನೆ. ಮುಂದೆ ಕಟ್ಟೆ, ಹಿಂದೆ ಬಚ್ಚಲಕಲ್ಲು, ಅದರಾಚೆ ಮಂದಿಯ ಕಬ್ಬು. ದೀಪಾವಳಿ ಕಳೆದದ್ದೇ ತಡ, ಹೊಳೆಯ ಕಡೆಯಿಂದ ಥಂಡಿ ಗಾಳಿ ಏಳುತ್ತಿತ್ತು. ಅದರ ಬೆನ್ನಿಗೇ ಕಮಲತ್ತಿಯ ತಲೆಯ ಚರ್ಮ ಬಿರಿದು, ಬಿಳಿ ಹೊಪ್ಪಳೆ ಎದ್ದು, ಕೆರೆದಲ್ಲಿ ರಕ್ತ ಜಿನುಗುತ್ತಿತ್ತು. ಊರವರು ಅದನ್ನು ಹೊಟ್ಟು ಎನ್ನುತ್ತಿದ್ದರು. ಸೋರಿಯಾಸಿಸ್ ಎಂಬ ಹೆಸರು ನಮಗೆ ಗೊತ್ತಾದದ್ದು ಅಪ್ಪ ಅವಳನ್ನು ಚಿಕ್ಕೋಡಿಯ ಚರ್ಮದ ಡಾಕ್ಟರಿಗೆ ತೋರಿಸಿದ ಮೇಲೆಯೇ.

ಅಪ್ಪ ಅಲ್ಲಿನ ಕೋರ್ಟಿನಲ್ಲಿ ಜವಾನನಾಗಿದ್ದ. ಡಾಕ್ಟರು ಹೇಳಿದ್ದನ್ನೆಲ್ಲ ಮನೆಗೆ ಬಂದು ಒಪ್ಪಿಸಿದ. ಇದು ಒಬ್ಬರಿಂದ ಒಬ್ಬರಿಗೆ ಹತ್ತುವ ಬೇನೆಯಲ್ಲ, ಬಿಸಿನೀರು ಬೇಡ, ಉಗುರು ಬೆಚ್ಚಗಿನ ನೀರು ಸಾಕು, ತಲೆಯ ಹಿಂಭಾಗ ಅವಳಿಗೆ ಕಾಣುವುದಿಲ್ಲ, ಅಲ್ಲಿ ಮನೆಯವರು ಯಾರಾದರೂ ಮುಲಾಮು ಹಚ್ಚಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ರವಿವಾರ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಲೆಗೆ ಹಚ್ಚಿ, ಹೊಪ್ಪಳೆ ಮೆತ್ತಗಾದ ಮೇಲೆ ಹಣಿಗೆಯಿಂದ ಮೆಲ್ಲಗೆ ಎಬ್ಬಿಸಿ, ತಲೆ ತೊಳೆದುಕೊಂಡು ಅವಳು ಬಿಸಿಲಿಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ಹಿಂದೆ ಕೂತು, ಕೂದಲು ಬೈತಲೆ ಬೈತಲೆಯಾಗಿ ಬಿಡಿಸಿ, ಬೆರಳ ತುದಿಯಿಂದ ಡಾಂಬರು ವಾಸನೆಯ ಆ ಕರಿ ಮುಲಾಮು ಹಚ್ಚುತ್ತಿದ್ದೆ. “ಛಂದ ಹಚ್ಚತೀ ನೋಡವಾ ಸುಜಾ, ತಣ್ಣಗ ಆತು,” ಎನ್ನುತ್ತಿದ್ದಳು. ಶಾಲೆಯ ದಿನ ನನ್ನ ಎರಡು ಜಡೆ ಹೆಣೆದು, ಮಡಿಚಿ, ಕೆಂಪು ರಿಬ್ಬನ್ ಕಟ್ಟುವವಳು ಅವಳೇ. ಸಂಜೆಯವರೆಗೂ ಆ ಜಡೆ ಸಡಿಲಾಗುತ್ತಿರಲಿಲ್ಲ, ಆದರೂ ತಲೆ ನೋಯುತ್ತಿರಲಿಲ್ಲ.

ನಾನು ಆರನೇ ಇಯತ್ತೆಯಲ್ಲಿದ್ದಾಗ, ಒಂದು ದಿನ ಬೆಂಚಿನ ಪಕ್ಕದ ಹುಡುಗಿ ನನ್ನ ನೀಲಿ ಯೂನಿಫಾರ್ಮಿನ ಹೆಗಲ ಮೇಲೆ ಬಿಳಿ ಚೂರೊಂದನ್ನು ಕಂಡಳು. ಕಮಲತ್ತಿಯ ತಲೆಯಿಂದ ಹಣಿಗೆಗೆ, ಹಣಿಗೆಯಿಂದ ನನ್ನ ಹೆಗಲಿಗೆ ಬಂದಿತ್ತದು. ಆ ಹುಡುಗಿ ತನ್ನ ಪಾಟಿಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಮನೆಗೆ ಬಂದವಳೇ ನಾನು ಜಡೆಯ ರಿಬ್ಬನ್ ಬಿಚ್ಚಿ, ಒಂದು ತುಂಡು ಕತ್ತರಿಸಿ, ಹಣಿಗೆಯ ತುದಿಗೆ ಗಂಟು ಹಾಕಿ, ಹಿಂದಿನ ಬಚ್ಚಲ ಗೋಡೆಯ ಮೊಳೆಗೆ ತೂಗುಹಾಕಿದೆ. “ಇದು ನಿಂದು ಅತ್ತಿ. ನಾವು ಹೊಸಾದು ತರತೇವಿ, ಅದನ್ನ ಮುಟ್ಟಬ್ಯಾಡ,” ಅಂದೆ. ಹತ್ತುವ ಬೇನೆಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಮಲತ್ತಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆಯೇ, “ಆತು ಬಿಡವ್ವಾ,” ಅಂದಳು. ಅವ್ವ ಕೇಳಿಸಿಕೊಂಡೂ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು.

ಎರಡು ದಿನ ಕಳೆದ ಮೇಲೆ ಅಪ್ಪನ ಅಪ್ಪ, ನಮ್ಮ ಮುತ್ಯಾ, ಜಳಕಕ್ಕೆ ಹೋದಾಗ ಅದನ್ನು ಕಂಡ. “ಹಣಗಿಗೆ ಯಾಕ ರಿಬ್ಬನ್ ಕಟ್ಟೀರಿ?” ಅಂತ ಕೇಳಿದ. ನಾನು ದೊಡ್ಡ ಶಾಣ್ಯಾಳ ಹಾಗೆ, “ಗುರ್ತಿಗೆ ಮುತ್ಯಾ. ಅದು ಅತ್ತಿದು, ಬ್ಯಾರೆ ಇಟ್ಟೇವಿ,” ಅಂದೆ. ಮುತ್ಯಾ ಒದ್ದೆ ಮೈಯಲ್ಲೇ ಮೊಳೆಯನ್ನು ನೋಡುತ್ತ ನಿಂತ. “ನನ್ನ ಕಪ್ಪಿಗೂ ಗುರ್ತ ಇತ್ತವಾ,” ಅಂದ. “ಚಹಾದ ಅಂಗಡ್ಯಾಗ ನಮ್ಮ ಮಂದೀಗೆ ಕಿವಿ ಮುರದ ಕಪ್ಪು ಕೊಡತಿದ್ರು. ಕುಡದು, ನಾವ ತೊಳದು, ಹೊರಗಿನ ಮಾಡದಾಗ ಇಡಬೇಕಿತ್ತು.” ಹಣಿಗೆ ತೆಗೆದುಕೊಂಡು ತನ್ನ ಬಿಳಿ ತಲೆಯನ್ನು ಅದರಿಂದಲೇ ಬಾಚಿಕೊಂಡ, ಆ ಕಡೆ, ಈ ಕಡೆ, ನಿಧಾನ. ಆಮೇಲೆ ಒಳಗೆ ಬಂದು, ಬುದ್ಧನ ಪಟದ ಕೆಳಗೆ ಗೋಡೆಯ ಮಾಡದಲ್ಲಿ, ಕನ್ನಡಿಯ ಪಕ್ಕ ಇಟ್ಟ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ, ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಣಿಗೆ ಮತ್ತೆ ಬಚ್ಚಲ ಮೊಳೆಯ ಮೇಲಿತ್ತು. ಈ ಸಲ ಇಟ್ಟವಳು ಕಮಲತ್ತಿಯೇ. ಮುತ್ಯಾ ಒಳಗೆ ತಂದಿಡುವುದು, ಅವಳು ಹೊರಗೆ ಒಯ್ಯುವುದು, ಕೊನೆಗೆ ಮುತ್ಯಾನೇ ಸೋತ. ಅವಳು ನನ್ನ ಜಡೆ ಹೆಣೆಯುವುದನ್ನೂ ಬಿಟ್ಟಳು. ಅವ್ವ ಹೆಣೆದರೆ ತಲೆ ಜಗ್ಗಿ ನೋಯುತ್ತಿತ್ತು. ಆದರೂ “ಅತ್ತಿ, ನೀ ಹಾಕ ಬಾ” ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಒಂದು ರವಿವಾರ ಅವಳೇ ಕಟ್ಟೆಯಿಂದ, “ಸುಜಾ, ಹಿಂದ ಒಂದೀಟ ನೋಡ ಬಾರವಾ,” ಎಂದು ಕರೆದಳು. ನಾನು ಸಾಲಿ ಅಭ್ಯಾಸ ಐತಿ ಅಂದೆ. ಯಾವ ಅಭ್ಯಾಸವೂ ಇರಲಿಲ್ಲ. ಮತ್ತೆ ಅವಳು ಕರೆಯಲಿಲ್ಲ. ಅಂದಾಜಿನ ಮೇಲೆ ತಾನೇ ಹಚ್ಚಿಕೊಳ್ಳುತ್ತಿದ್ದಳು. ಕುಪ್ಪಸದ ಹಿಂಗೊರಳಿಗೆ ಕರಿ ಕಲೆ ಹತ್ತುತ್ತಿತ್ತು. ಅದನ್ನು ಹೊದ್ದ ಸೆರಗಿನಿಂದ ಮುಚ್ಚಿಕೊಂಡೇ ಕಬ್ಬಿನ ಕೆಲಸಕ್ಕೆ ಹೋಗುತ್ತಿದ್ದಳು.

ಆ ಮನೆ ಈಗಿಲ್ಲ. ಹೊಳೆಯ ನೀರು ಹೊಕ್ಕ ವರ್ಷ ಹಿಂದಿನ ಗೋಡೆ ಮೊಳೆಯ ಸಮೇತ ಕುಸಿಯಿತು. ಅದಕ್ಕೂ ಮೊದಲೇ ಮುತ್ಯಾ ಹೋಗಿದ್ದ; ಆಮೇಲೆ, ನಾನು ಮದುವೆಯಾಗಿ ಇಲ್ಲಿಗೆ ಬಂದ ಮರುವರ್ಷ, ಜ್ವರದಲ್ಲಿ ಕಮಲತ್ತಿ ಹೋದಳು. ಕಳೆದ ಎರಡು ಚಳಿಗಾಲದಿಂದ ಆ ಬೇನೆ ನನ್ನ ತಲೆಯಲ್ಲಿದೆ. ಅದೇ ಡಾಕ್ಟರು, ಅದೇ ಮುಲಾಮು. “ಹಿಂದ ನಿಮಗ ಕಾಣೂದಿಲ್ಲ. ಹಚ್ಚಾವ್ರು ಅದಾರೇನ್ರಿ ಮನ್ಯಾಗ?” ಎಂದು ಡಾಕ್ಟರು ಕೇಳಿದಾಗ “ಅದಾರ್ರಿ” ಎಂದುಬಿಟ್ಟೆ. ಗಂಡನಿಗೆ ಇನ್ನೂ ಹೇಳಿಲ್ಲ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅಂದಾಜಿನ ಮೇಲೆ ಹಚ್ಚಿಕೊಳ್ಳುತ್ತೇನೆ.

ದವಾಖಾನೆಗೆ ಜೊತೆಗೆ ಬಂದಿದ್ದ ಅಪ್ಪ ಹೊರಗೆ ಬಂದ ಮೇಲೆ ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ. “ಕಮಲಾನೂ ಹಿಂಗ ಹೇಳ್ತಿದ್ಲು ನೋಡು,” ಅಂದ. “ಪ್ರತಿ ಥಂಡಿಗೆ ಕರಕೊಂಡ ಬರತಿದ್ನೆಲ್ಲ, ಡಾಕ್ಟರ್ ಕೇಳಾವ್ರು. ಸಾಯೂಮಟಾ ಆಕೀದು ಒಂದ ಮಾತು: ಅದಾಳ್ರಿ ನಮ್ಮಣ್ಣನ ಮಗಳು, ಛಂದ ಹಚ್ಚತಾಳ.”