ಬರಿಗೊರಳು

ಭಕ್ತ ಬಂಧುಗಳೇ, ಬರೆಯುವ ಹುರುಪು ಇನ್ನೂ ಬಂದಿಲ್ಲ. ಆದರೂ ಆಂಜನೇಯ ಸ್ವಾಮಿ ಮಾಡಿದ ಉಪಕಾರವನ್ನು ಹೇಳದೆ ಇರಲಾರೆ.

ಕಳೆದ ಶ್ರಾವಣದಲ್ಲಿ ನನ್ನ ಹೆಂಡತಿ ಕಮಲಾ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಜಯನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ದಿನದಿಂದ ಮಾತು ಬಿಟ್ಟಳು, ಊಟ ಬಿಟ್ಟಳು, ಗೋಡೆಯ ಕಡೆ ತಿರುಗಿ ಮಲಗಿದಳು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನಮ್ಮ ಮಗಳು ಸುಮಾಗೆ ಹೇಳಿದರು.

ನಾನು ಅಲ್ಲಿರಲಿಲ್ಲ. ನನಗೆ ಜ್ವರ, ಕೆಮ್ಮು. "ಅಪ್ಪಾ, ನೀವು ಬರ್ಲೇಬೇಡಿ, ಅಮ್ಮಂಗೆ ಅಂಟುತ್ತೆ" ಎಂದು ಸುಮಾ ಅಂಜನಾಪುರದ ಮನೆಯಲ್ಲೇ ಉಳಿಸಿದ್ದಳು. ಕಮಲಾಗೆ ಕಿವಿ ಮಂದ, ಫೋನು ಹಿಡಿದರೆ ತಳ್ಳಿಬಿಡುತ್ತಿದ್ದಳು. ಎಂಟು ದಿನ ಆಂಜನೇಯನ ಪಟದ ಮುಂದೆ ಕೂತೆ. ಬೇಡಿದೆ, ಜಗಳವಾಡಿದೆ, ಕೊನೆಗೆ ಅದಕ್ಕೂ ಶಕ್ತಿ ಉಳಿಯಲಿಲ್ಲ. "ಅವಳ ಬದಲು ನನ್ನ ಕರ್ಕೊಂಡುಬಿಡಪ್ಪ" ಎಂದೆ. ಅದು ಶನಿವಾರ ಬೆಳಿಗ್ಗೆ. ಹತ್ತು ಗಂಟೆಗೆ ಫೋನು ಬಂತು.

ಮಾಡಿದವರು ಆ ಆಸ್ಪತ್ರೆಯ ನರ್ಸ್, ವಿಜಯಪುರ ಕಡೆಯ ಸಿಸ್ಟರ್ ರೇಣುಕಾ. ವಾರ್ಡಿನ ವಯಸ್ಸಾದವರ ಮನಸ್ಸು ನೋಡಿಕೊಳ್ಳುವುದೇ ಅವರ ಕೆಲಸ, ದಿನವೂ ಮಂಚದ ಪಕ್ಕ ಕುರ್ಚಿ ಎಳೆದು ಕೂರುತ್ತಾರೆ. ಮೂರು ದಿನ ಸುಮ್ಮನೆ ಕೂತರಂತೆ. ನಾಲ್ಕನೆಯ ದಿನ ಕಿವಿಯ ಹತ್ತಿರ ಬಾಗಿ "ಮನಸ್ಸಿನ್ಯಾಗ ಏನೈತ್ರಿ ಅಮ್ಮಾರ?" ಎಂದಾಗ ಕಮಲಾ ಬರಿಗೊರಳು ಮುಟ್ಟಿ ತೋರಿಸಿದಳಂತೆ.

"ಅಜ್ಜಾರ, ಆಪರೇಷನ್‌ಗೆ ತಾಳಿ ಬಿಚ್ಚಿಸ್ಯಾರ. ನೀವೂ ಬಂದಿಲ್ಲ. ನೀವು ತೀರ್ಕೊಂಡೀರಿ, ಎಲ್ಲಾರೂ ಮುಚ್ಚಿಡಾಕತ್ತಾರ ಅಂತ ಅಮ್ಮಾರು ತಿಳ್ಕೊಂಡಾರ್ರೀ. ಮಾಸ್ಕ್ ಹಾಕ್ಕೊಂಡು ಬರ್ರಿ."

ತಾಳಿ ಬೀರುವಿನಲ್ಲಿತ್ತು. ಕಳೆದುಹೋದೀತೆಂದು ಸುಮಾ ತಂದು ಕೊಟ್ಟಿದ್ದಳು, ಬೀಗ ಹಾಕಿದವನು ನಾನೇ. ಅದರ ಬದಲು ದಾರದಲ್ಲಿ ಒಂದು ಅರಿಶಿನದ ಕೊಂಬು ಕಟ್ಟಿ ಕಳಿಸುವ ಬುದ್ಧಿ ನಮಗಿಬ್ಬರಿಗೂ ಬರಲಿಲ್ಲ. ಈಗ ಕಟ್ಟಿ ಜೇಬಿಗಿಟ್ಟುಕೊಂಡೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ.

ಸಿಸ್ಟರ್ ಅವಳನ್ನು ಮೆಲ್ಲಗೆ ಇತ್ತ ತಿರುಗಿಸಿದರು. ಬಾಗಿಲಲ್ಲೇ ನಿಂತು ಒಂದು ಕ್ಷಣ ಮಾಸ್ಕ್ ಇಳಿಸಿದೆ. ಕಮಲಾ ಬಹಳ ಹೊತ್ತು ನೋಡಿದಳು.

"ಏನ್ರೀ ಇದು, ಇಷ್ಟು ಸೊರಗಿದೀರಿ? ಊಟ ಮಾಡ್ತಿಲ್ವಾ?"

ಅತ್ತುಬಿಟ್ಟೆ. ಮಾಸ್ಕ್ ಏರಿಸಿ ಹತ್ತಿರ ಹೋಗಿ ಅರಿಶಿನದ ಕೊಂಬನ್ನು ಅವಳ ಕೊರಳಿಗೆ ಕಟ್ಟಿದೆ, ದಾರದ ಒಂದು ತುದಿಯನ್ನು ಸಿಸ್ಟರ್ ಹಿಡಿದುಕೊಂಡರು. ಆ ಮಧ್ಯಾಹ್ನ ಕಮಲಾ ನಾಲ್ಕು ಚಮಚ ಗಂಜಿ ಕುಡಿದಳು.

ಈಗ ವಾಕರ್ ಹಿಡಿದು ಅಡುಗೆಮನೆಯವರೆಗೆ ಬರುತ್ತಾಳೆ. ಇಬ್ಬರಿಗೂ ಸುಸ್ತು ಹೋಗಿಲ್ಲ. ಆ ಬೆಳಿಗ್ಗೆ ನಾನು ಬೇಡಿದ್ದನ್ನು ಸ್ವಾಮಿ ಹಾಗೇ ಕೊಟ್ಟಿದ್ದರೆ ಅವಳ ಭಯವೇ ನಿಜವಾಗುತ್ತಿತ್ತು. ನನ್ನ ಮಾತನ್ನು ಬದಿಗಿಟ್ಟು, ಅವಳನ್ನು ಕೇಳುವವರೊಬ್ಬರನ್ನು ಕಳಿಸಿದ. ಶನಿವಾರ ದೀಪ ಹಚ್ಚಿದಾಗ ನಾನೀಗ ಏನನ್ನೂ ಬೇಡುವುದಿಲ್ಲ. ಕೈಮುಗಿದು ಬಂದು, ಅವಳ ಪಕ್ಕ ಕುರ್ಚಿ ಎಳೆದು ಕೂರುತ್ತೇನೆ.