ಆಯಿಯ ಬಾವಿಯ ನೀರು

ಕೆಳಗಿನ ಮನೆಯವರು ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಸುತ್ತಿದ್ದಾರೆ. ಥಿನ್ನರಿನ ವಾಸನೆ ಮೆಟ್ಟಿಲು ಹತ್ತಿ ನನ್ನ ಅಡುಗೆಮನೆಗೂ ಬಂದಿದೆ. ನಿಮಗೆ ಈ ವಾಸನೆಯಿಂದ ಹೊಸ ಮನೆ ನೆನಪಾಗಬಹುದು. ನನಗೆ ಗಡಿಯಾಚೆ, ಮರಾಠಿ ಸೀಮೆಯ ಉಮರಗಾ ಕಡೆಯ ಒಂದು ಹೊಲವೂ ಅಲ್ಲಿದ್ದ ಗಂಗಾಯಿಯೂ ನೆನಪಾಗುತ್ತಾರೆ.

ಆ ಕಡೆಯ ಹಳ್ಳಿಗಳನ್ನು ಕೆಡವಿದ ಭೂಕಂಪವಾಗಿ ಕೆಲವು ವರ್ಷ ಕಳೆದಿತ್ತು. ಆಳಂದದಿಂದ ಮದುವೆಯಾಗಿ ಮುರುಮಕ್ಕೆ ಬಂದ ನಾನು ಹೆದ್ದಾರಿಯಾಚೆಯ ಹಳ್ಳಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಲೆಕ್ಕಕ್ಕೆ ಭಾಷೆ ಎಷ್ಟು ಬೇಕಾದೀತು ಅಂದುಕೊಂಡಿದ್ದೆ. ನನ್ನ ಮರಾಠಿ ಕೇಳಿ ಮಕ್ಕಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಗಂಡ ಸೋಲಾಪುರದಿಂದ ವಾರಕ್ಕೊಮ್ಮೆ ಬರುವವರು. ಬಾಯಿ ತುಂಬ ಮಾತಾಡದೆ ದಿನಗಳು ಹೋಗುತ್ತಿದ್ದವು.

ಹಳ್ಳಿಯ ದಾರಿ ಹೆದ್ದಾರಿಗೆ ಕೂಡುವಲ್ಲಿ ಬಸ್ಸಿಗೆ ಕಾಯಬೇಕಿತ್ತು. ಪಕ್ಕದಲ್ಲೇ ಗಂಗಾಯಿಯ ಹೊಲ, ಬಾವಿ, ತಗಡಿನ ಶೆಡ್ಡು. ಎಲ್ಲರಿಗೂ ಅವಳು ಆಯಿ, ಅಂದರೆ ಅವ್ವ. ಅವಳ ಗಂಡ, ಇಬ್ಬರು ಮಕ್ಕಳು ಭೂಕಂಪದಲ್ಲಿ ಕಲ್ಲಿನ ಗೋಡೆಯಡಿ ಹೋಗಿದ್ದರು. ಸರ್ಕಾರ ಹೊಸ ವಸತಿಯಲ್ಲಿ ಮನೆ ಕೊಟ್ಟಿತ್ತು. ಆದರೂ ಹಗಲೆಲ್ಲ ಅವಳು ಇಲ್ಲೇ ಇದ್ದು, ಬಸ್ಸಿಗೆ ನಿಂತವರನ್ನು ಕರೆಕರೆದು ನೀರು ಕೊಡುತ್ತಿದ್ದಳು. ಒಂದು ದಿನ ಬಸ್ಸು ನಿಲ್ಲಿಸದೆ ಹೋದಾಗ ಕನ್ನಡದಲ್ಲಿ ಬೈದೆ. ಹಿಂದಿನಿಂದ ಆಯಿಯ ಧ್ವನಿ, ಕನ್ನಡದಲ್ಲೇ, ಬಂತು: “ಅಯ್ಯ, ನಮ್ಮಾಕಿನೇ ಇದ್ದೀಯಲ್ಲ ನೀ!” ಆಮೇಲೆ ಬಸ್ಸು ತಡವಾದಷ್ಟೂ ನನಗೆ ಸಂತೋಷ.

ಒಂದು ಬೇಸಿಗೆಯಲ್ಲಿ ಥಿನ್ನರ್ ತುಂಬಿದ ಟ್ಯಾಂಕರ್ ಅವಳ ಹೊಲಕ್ಕೆ ಉರುಳಿತು. ಕಪ್ಪು ಎರೆ ಮಣ್ಣು ತೋಳು ಹೋಗುವಷ್ಟು ಬಿರಿದಿದ್ದ ಕಾಲ. ಅಷ್ಟನ್ನೂ ನೆಲ ಕುಡಿಯಿತು. ಕೆಲವು ದಿನಗಳಲ್ಲಿ ವಾಸನೆ ಹೋಯಿತು. ಎಲ್ಲ ಹಾರಿಹೋಯಿತು ಅಂದರು ಜನ.

ಮಳೆಗಾಲ ಕಳೆದು ಒಂದು ಸಂಜೆ ಆಯಿ ಕೊಟ್ಟ ನೀರು ಬಾಯಿಗಿಟ್ಟೆ. ಏನೋ ಕೆಟ್ಟ ಸಿಹಿ. ನನ್ನ ಮುಖ ನೋಡಿ ಅವಳು ಲೋಟ ಕಸಿದು ಮೂಸಿದಳು.

“ಉಗುಳು! ಮೊದಲ ಉಗುಳವ್ವಾ!”

ಕೃಷಿ ಇಲಾಖೆಯವರೊಬ್ಬರು ಬಂದು ಮಣ್ಣು, ನೀರು ಒಯ್ದರು. ಮತ್ತೆ ಬಂದಾಗ ಬಿಡಿಸಿ ಹೇಳಿದರು. ಮೇಲ್ಮಣ್ಣಿನದು ಗಾಳಿಗೆ ಹಾರಿಹೋಗಿದೆ. ಬಿರುಕಿನಲ್ಲಿ ಇಳಿದದ್ದಕ್ಕೆ ಗಾಳಿಯಿಲ್ಲ, ಬಿಸಿಲಿಲ್ಲ. ಅದು ಒಳಗೇ ಉಳಿದು ನೀರಿಗೆ ಸೇರುತ್ತಿದೆ. ಎಷ್ಟು ವರ್ಷವೋ ಹೇಳಲಾಗದು, ಕುಡಿಯಬೇಡಿ. ಅವರ ಮರಾಠಿ ನನಗಿಂತ ಆಯಿಗೇ ಚೆನ್ನಾಗಿ ತಿಳಿಯಿತು.

“ಒಳಗಿಂದು ಅಲ್ಲೇ ಕುಂತದ ಅನ್ನು,” ಅಂದಳು, ಅವರು ಹೋದ ಮೇಲೆ. “ನನಗೂ ಮಂದಿ ಹಂಗೇ ಅಂದಿದ್ರು, ವರ್ಷ ತುಂಬಿದ್ರ ಎಲ್ಲಾ ಹೋಗ್ತದಂತ.”

ಬಾವಿಯ ಬಾಯಿಗೆ ತಾನೇ ಜಾಲಿಮುಳ್ಳು ಒಟ್ಟಿದಳು. ಜನ ರಸ್ತೆಯಾಚೆಯ ಬೇವಿನ ಕೆಳಗೆ ನಿಲ್ಲತೊಡಗಿದರು. ಆಯಿ ಈಚೆ ಶೆಡ್ಡಿನ ಮುಂದೆ ಕೂತು ಅವರನ್ನು ನೋಡುತ್ತಿದ್ದಳು. ನಾನೊಬ್ಬಳು ಹೋಗಿ ಕೂತರೂ ಅವಳ ಕಣ್ಣು ಆಚೆಗೇ.

ಕೆಲವು ವಾರಗಳ ನಂತರ ನೋಡಿದರೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಾಳೆ. ಹೊಸ ವಸತಿಯ ನಳದ ನೀರು. ಅಲ್ಲಿಂದ ಹೊಲಕ್ಕೆ ಬರಿಗೈಯಲ್ಲಿ ನಡೆದರೂ ಏದುಸಿರು ಬರುವಷ್ಟು ದೂರ.

“ಆಯಿ, ಈ ವಯಸ್ಸಿನ್ಯಾಗ ಯಾಕ ಇಷ್ಟು ಹೊರ್ತೀ? ಈಗ ಎಲ್ಲಾರೂ ಬಾಟ್ಲಿ ತರ್ತಾರ. ಯಾರಿಗೂ ನೀರಡಿಕಿ ಇಲ್ಲ.”

“ಅವ್ರಿಗೆ ಇಲ್ಲವ್ವಾ,” ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ನನಗದ.”

ಜನ ಮೆಲ್ಲಗೆ ರಸ್ತೆ ದಾಟಿ ಬಂದರು. ನನಗೆ ನಿಲಂಗಾಕ್ಕೆ ವರ್ಗವಾಯಿತು. ಮುಂದೊಮ್ಮೆ ಆ ದಾರಿಯಲ್ಲಿ ಇಳಿದಾಗ ಶೆಡ್ಡು ಖಾಲಿಯಿತ್ತು. ಆಯಿ ತೀರಿಹೋದಳು ಎಂದು ಕಡಲೆ ಮಾರುವವಳು ಹೇಳಿದಳು. ಬಾವಿಯ ನೀರನ್ನು ಆಮೇಲೆ ಯಾರಾದರೂ ಪರೀಕ್ಷಿಸಿದರೋ ಇಲ್ಲವೋ, ನನಗೆ ಗೊತ್ತಿಲ್ಲ.

ನಾನೀಗ ನಿಲಂಗಾದಲ್ಲಿ ಒಬ್ಬಳೇ. ಗಂಡ ತೀರಿದ ಮೇಲೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲವೆಂದು ಗೋಡೆಗೆ ದೂರು ಹೇಳುವುದೇ ಅಭ್ಯಾಸ. ಮೇಲಿನ ಮನೆಗೆ ಹೊಸ ಸೊಸೆ ಬಂದು ತಿಂಗಳುಗಳಾದವು. ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ ಫೋನಿನಲ್ಲಿ ತಾಯಿಯೊಂದಿಗೆ ಬೀದರಿನ ಕನ್ನಡ ಆಡುತ್ತಾಳೆ. ಮಾತು ನನ್ನ ಕಿವಿಗೆ ಬಿದ್ದರೆ ಅವಳಿಗೆ ಮುಜುಗರವಾದೀತೆಂದು ನಾನು ಬಾಗಿಲು ಎಳೆದುಕೊಳ್ಳುತ್ತಿದ್ದೆ.

ಈಗಷ್ಟೇ ಅವಳು ಖಾಲಿ ಬಕೆಟ್ ಹಿಡಿದು ಇಳಿದಳು. ನಾನು ಬಾಗಿಲು ಪೂರ್ತಿ ತೆಗೆದೆ.

“ತಂಗೀ, ಒಳಗ ಬಾ. ಚಹಾಕ್ಕ ಇಟ್ಟೀನಿ.”

ಅವಳು ಅಲ್ಲೇ ನಿಂತಳು. “ನಿಮಗ ಕನ್ನಡ ಬರ್ತದೇನ್ರೀ?”

“ಬರ್ತದ,” ಅಂದೆ. “ಆಡಿ ಭಾಳ ದಿನ ಆಗ್ಯಾವ.”