ಉಪ್ಪಿಲ್ಲದ ಎಲೆ

ಎಐ ಮಾಡಿದ ಸುಳ್ಳು ವಿಡಿಯೊಗಳನ್ನು ಗುರುತಿಸುವುದು ಹೇಗೆಂದು ಹೇಳಿಕೊಡಲು ಕೋಲ್ಕತ್ತದ ಕಸ್ಬಾದಲ್ಲಿರುವ ಒಂದು ಉಡುಪಿ ಹೋಟೆಲಿಗೆ ಹೋಗಿದ್ದೆ. ಬಂದ್ ಎಂದು ಸಾರುವ ಅಂಥದ್ದೇ ವಿಡಿಯೊ ನಂಬಿ ಇಡೀ ದಿನ ಹೋಟೆಲು ಮುಚ್ಚಿದ್ದ ಮಾಲಕಿ ವಸಂತಕ್ಕ, ಅಡುಗೆಯವರನ್ನೆಲ್ಲ ಎದುರು ಕೂರಿಸಿದ್ದರು. ನಾನು ಬಾಳೆಎಲೆ ಊಟದ ಎರಡು ವಿಡಿಯೊ ತೋರಿಸಿ, ಸುಳ್ಳು ಯಾವುದೆಂದು ಕೇಳಿದೆ.

"ಮೊದಲನೆಯದು," ಎಂದರು ವಸಂತಕ್ಕ. "ಎಲೆ ತುದಿಗೆ ಉಪ್ಪು ಬಡಿಸದೆ ಅನ್ನ ಹಾಕ್ತಾ ಇದ್ದಾರೆ. ಹಾಗೆ ಎಲ್ಲಿಯಾದರೂ ಉಂಟಾ?"

ಅಡುಗೆಯವರೆಲ್ಲ ಹೌದೆಂದು ತಲೆಯಾಡಿಸಿದರು.

"ಅಕ್ಕಾ, ಅದೇ ನಿಜವಾದದ್ದು. ಬೆಂಗಳೂರಲ್ಲಿ ನಡೆದ ನನ್ನ ಮದುವೆ ಊಟ. ಎರಡನೆಯದನ್ನು ನಾನೇ ಎಐಯಿಂದ ಮಾಡಿಸಿದ್ದು."

ವಸಂತಕ್ಕ ಎರಡನೆಯದನ್ನು ಮತ್ತೊಮ್ಮೆ ಹಾಕಿಸಿದರು. ಅದರಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಅದರದರ ಜಾಗದಲ್ಲೇ ಇದ್ದವು.

"ಇದನ್ನು ಸುಳ್ಳು ಅಂತ ಹೇಗೆ ಹೇಳುವುದು? ಕ್ರಮ ಸರಿ ಉಂಟಲ್ಲ."

"ಬಡಿಸುವವನಿಗೆ ನೆರಳೇ ಇಲ್ಲ, ನೋಡಿ."

"ಊಟಕ್ಕೆ ಕೂತವರು ನೆರಳು ನೋಡ್ತಾರಾ?"

ಸಂಜೆ ಮನೆಗೆ ಬಂದು ಹೆಂಡತಿಗೆ ನಮ್ಮ ಮದುವೆಯ ಆ ವಿಡಿಯೊ ತೋರಿಸಿದೆ. ಉಪ್ಪಿಲ್ಲದ ಎಲೆಗಳ ಸಾಲನ್ನು ನೋಡಿ ಅವಳೂ ಕೇಳಿದಳು: "ಇದು ನಿಜವಾಗ್ಲೂ ನಮ್ಮ ಮದುವೇನಾ?"

ಹೌದು ಎನ್ನುವ ಮೊದಲು, ಬಡಿಸುವವನ ನೆರಳನ್ನು ನಾನೂ ಒಮ್ಮೆ ನೋಡಿಕೊಂಡೆ.